ತಲೆಯ ಮೇಲಿನ ಭುವನೇಶ್ವರಿ

ಭುವನೇಶ್ವರಿ ಎಂದೊಡನೆ ಕನ್ನಡಿಗರ ಕಣ್ಣ ಮುಂದೆ ನಿಲ್ಲುವುದು ನಾಡದೇವಿಯ ಚಿತ್ರ. ನವೆಂಬರ್ ತಿಂಗಳ ಮೆರವಣಿಗೆಗಳಲ್ಲಿ, ಶಾಲೆಗಳ ಗೋಡೆಯ ಮೇಲೆ, ಕನ್ನಡ ಸಂಘಗಳ ಕರಪತ್ರಗಳಲ್ಲಿ ಈ ತಾಯಿ ಇದ್ದೇ ಇರುತ್ತಾಳೆ. 2025ರ ಜನವರಿಯಲ್ಲಿ ವಿಧಾನಸೌಧದ ಆವರಣದಲ್ಲಿ ಆಕೆಯ ಕಂಚಿನ ಪ್ರತಿಮೆಯೂ ಅನಾವರಣಗೊಂಡಿತು. ಆದರೆ ದೇವಾಲಯಗಳ ಬಗ್ಗೆ ಬರೆಯುವವರು ಇದೇ ಹೆಸರನ್ನು ಇನ್ನೊಂದು ಅರ್ಥದಲ್ಲಿಯೂ ಬಳಸುತ್ತಾರೆ. ಹಳೆಯ ಕಲ್ಲುಗುಡಿಯ ನವರಂಗದಲ್ಲಿ, ನಡುವಿನ ನಾಲ್ಕು ಕಂಬಗಳ ಮಧ್ಯೆ ನಿಂತು ಕತ್ತೆತ್ತಿದರೆ ನೆತ್ತಿಯ ನೇರಕ್ಕೆ ಕಾಣುವ ಕೆತ್ತನೆಯ ಒಳಛಾವಣಿಗೆ ಭುವನೇಶ್ವರಿ ಎಂದು ಹೆಸರು.

ನಾಡದೇವಿಯ ಹೆಸರನ್ನು ಬಲ್ಲಷ್ಟು ಜನ ಈ ಎರಡನೆಯ ಅರ್ಥವನ್ನು ಬಲ್ಲವರಲ್ಲ. ಆದ್ದರಿಂದಲೇ ಪ್ರವಾಸಿ ಕೈಪಿಡಿಯಲ್ಲಿ ‘ಇಲ್ಲಿನ ಭುವನೇಶ್ವರಿ ನೋಡತಕ್ಕದ್ದು’ ಎಂಬ ಮಾತನ್ನು ಓದಿ ಹೋದವರು ಗರ್ಭಗುಡಿಯ ಅಕ್ಕಪಕ್ಕ ದೇವಿಯ ಮೂರ್ತಿಯನ್ನು ಹುಡುಕುತ್ತಾರೆ. ಮೂರ್ತಿ ಸಿಗುವುದಿಲ್ಲ. ಮೇಲೆ ನೋಡಿದವರಿಗೂ ದೇವಿ ಕಾಣುವುದಿಲ್ಲ. ಅರಳಿದ ಕಮಲ ಕಾಣಬಹುದು, ಕುಣಿಯುವ ಶಿವ ಕಾಣಬಹುದು, ಹೆಡೆಯೆತ್ತಿದ ನಾಗರಾಜ ಕಾಣಬಹುದು. ಭುವನೇಶ್ವರಿ ಎಂಬುದು ಇಲ್ಲಿ ಚಿತ್ರದ ಹೆಸರಲ್ಲ, ಜಾಗದ ಹೆಸರು. ಅಲ್ಲಿ ಏನನ್ನು ಕೆತ್ತಿದ್ದರೂ ಆ ನಡು ಜಾಗ ಭುವನೇಶ್ವರಿಯೇ.

ಹೆಸರಿನ ಒಳಗೆ ಅದರ ವಿವರಣೆಯೂ ಇದೆ. ಭುವನ ಎಂದರೆ ಲೋಕ. ನಮ್ಮ ಪುರಾಣಗಳು ಹದಿನಾಲ್ಕು ಭುವನಗಳನ್ನು ಎಣಿಸುತ್ತವೆ. ಗುಡಿಯ ನೆಲವನ್ನು ಭೂಮಿಯೆಂದು ಕೊಂಡರೆ ಒಳಛಾವಣಿ ಆಕಾಶವಾಗುತ್ತದೆ. ಶಿಲ್ಪಿಗಳು ಅಲ್ಲಿ ಎಂಟು ದಿಕ್ಕುಗಳ ಒಡೆಯರನ್ನು ಸುತ್ತ ಕೂರಿಸಿ, ಹಾರುವ ಗಂಧರ್ವರನ್ನು ತೇಲಿಸಿ, ನಟ್ಟನಡುವೆ ಕಮಲವನ್ನೋ ದೇವರನ್ನೋ ಇಟ್ಟು ಒಂದು ಪುಟ್ಟ ಲೋಕವನ್ನೇ ಕಡೆದಿಟ್ಟಿದ್ದಾರೆ. ಅಂಥ ಜಾಗಕ್ಕೆ ಲೋಕದೊಡತಿಯ ಹೆಸರು ಒಪ್ಪುತ್ತದೆ.

ಸಂಸ್ಕೃತದ ವಾಸ್ತುಗ್ರಂಥಗಳು ಒಳಛಾವಣಿಗೆ ‘ವಿತಾನ’ ಎನ್ನುತ್ತವೆ. ವಿತಾನವೆಂದರೆ ಮೂಲತಃ ಹರಡಿದ್ದು, ಅಂದರೆ ತಲೆಯ ಮೇಲೆ ಕಟ್ಟಿದ ಬಟ್ಟೆ. ಹಳೆಯ ಕನ್ನಡದಲ್ಲಿ ಇದಕ್ಕೆ ‘ಮೇಲ್ಕಟ್ಟು’ ಎಂಬ ಚೊಕ್ಕ ಮಾತಿತ್ತು. ಮದುವೆಯ ಹಂದರದಲ್ಲಿ ಈಗಲೂ ಶಾಮಿಯಾನ ಕಟ್ಟುವಾಗ ನಟ್ಟನಡುವೆ ಬಣ್ಣದ ಬಟ್ಟೆಯ ದೊಡ್ಡ ಹೂವು ಬರುವಂತೆ ನೋಡಿಕೊಳ್ಳುತ್ತಾರೆ. ವಧೂವರರು ಅದರ ಕೆಳಗೇ ಕೂರಬೇಕು ಎಂಬ ಹಟವೂ ಉಂಟು. ಕಲ್ಲಿನ ಭುವನೇಶ್ವರಿಯ ಅಂಚಿನಲ್ಲಿ ಕೆಲವೆಡೆ ಮುತ್ತಿನ ಸರಗಳೂ ಕುಚ್ಚುಗಳೂ ಇಳಿಬಿದ್ದಂತೆ ಕೆತ್ತಿರುವುದನ್ನು ನೋಡಿದರೆ ಶಿಲ್ಪಿಯ ಕಣ್ಣಿನಲ್ಲಿ ಬಟ್ಟೆಯ ಮೇಲ್ಕಟ್ಟು ಇದ್ದೇ ಇತ್ತು ಎನ್ನಿಸದೆ ಇರದು.

ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಓದುಗರಿಗೆ ಈ ಮಾತು ಇನ್ನಷ್ಟು ಅಪರಿಚಿತ. ಸೂರಿಗೆ ಇಲ್ಲಿ ಮಾತಿನ ಬರವಿಲ್ಲ. ಕನ್ನಡದವರು ಮಾಳಿಗಿ ಎನ್ನುತ್ತಾರೆ. ಉರ್ದು ಬಲ್ಲವರಿಗೆ ಅದು ಛತ್. ತೆಲಂಗಾಣದ ಗಡಿಗೆ ತಾಗಿದ ಕುಂಚಾವರಂ ಕಡೆ ತೆಲುಗು ಆಡುವವರಿಗೆ ಪೈಕಪ್ಪು. ಆದರೆ ಸೂರಿನ ನಡುವಿಗೆ ಪ್ರತ್ಯೇಕ ಮಾತು ಬಳಕೆಯಲ್ಲಿಲ್ಲ. ಅದಕ್ಕೆ ನಮ್ಮ ಮನೆಗಳೂ ಒಂದು ಕಾರಣವಿರಬಹುದು. ಶಹಾಬಾದಿನ ಸುತ್ತ ನೆಲದಿಂದ ಹಾಳೆ ಹಾಳೆಯಾಗಿ ಎದ್ದುಬರುವ ಸುಣ್ಣಕಲ್ಲನ್ನು ನೆಲಕ್ಕೂ ಹಾಸಿದ್ದೇವೆ, ತೊಲೆಯ ಮೇಲಿಟ್ಟು ಮಾಳಿಗೆಗೂ ಹೊದಿಸಿದ್ದೇವೆ. ಪರಸಿಯ ಮಾಳಿಗೆ ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಒಂದೇ ಸಮನೆ ಚಪ್ಪಟೆ. ಅದಕ್ಕೆ ನಡುವೂ ಇಲ್ಲ, ಅಂಚೂ ಇಲ್ಲ. ಹೆಚ್ಚೆಂದರೆ ಒಂದು ಬೆಳಕಿಂಡಿ. ಇದೇ ಸುಣ್ಣಕಲ್ಲು ವಾಡಿಯಲ್ಲಿ ಸಿಮೆಂಟ್ ಆಗಿ ಹೊರಬಂದು ಈಗ ಆರ್‌ಸಿಸಿ ಛಾವಣಿಯಾಗಿದೆ. ಅದೂ ಚಪ್ಪಟೆಯೇ.

ಇನ್ನೊಂದು ಸಂಗತಿಯೂ ಉಂಟು. ಜನ ಗುಡಿಯನ್ನು ಕಂಬಗಳಿಂದ ಗುರುತಿಸುತ್ತಾರೆ. ಚಿತ್ತಾಪುರದ ಹತ್ತಿರ ನಾಗಾವಿಯಲ್ಲಿರುವುದು ಅರವತ್ತು ಕಂಬದ ಗುಡಿ. ಮೂಡುಬಿದಿರೆಯಲ್ಲಿರುವುದು ಸಾವಿರ ಕಂಬದ ಬಸದಿ. ಊರಿನ ಹುಡುಗರು ಕಂಬ ಎಣಿಸುವ ಪಂದ್ಯ ಕಟ್ಟುತ್ತಾರೆ, ಲೆಕ್ಕ ಪ್ರತಿಸಲ ತಪ್ಪುತ್ತದೆ ಎಂಬ ಕಥೆ ಹೇಳುತ್ತಾರೆ. ಕಟ್ಟಿದ ಶಿಲ್ಪಿಯ ಲೆಕ್ಕ ಮಾತ್ರ ಬೇರೆ. ಅವನು ಎಣಿಸುತ್ತಿದ್ದುದು ಅಂಕಣಗಳನ್ನು, ಅಂದರೆ ನಾಲ್ಕು ಕಂಬಗಳ ನಡುವಿನ ಚೌಕಗಳನ್ನು. ನವರಂಗ ಎಂಬ ಹೆಸರೇ ಒಂಬತ್ತು ಅಂಕಣಗಳ ಲೆಕ್ಕದಿಂದ ಬಂದದ್ದು: ಮೂರು ಸಾಲು, ಸಾಲಿಗೆ ಮೂರು. ಕಂಬಗಳು ಇರುವುದು ಅಂಕಣಗಳಿಗಾಗಿ. ಪ್ರತಿ ಅಂಕಣಕ್ಕೂ ತನ್ನದೇ ಒಂದು ಆಕಾಶ. ಒಂಬತ್ತರಲ್ಲಿ ನಡುವಿನದೇ ದೊಡ್ಡದು, ಎತ್ತರದ್ದು, ಹೆಚ್ಚು ಕೆಲಸ ಮಾಡಿದ್ದು.

ಈ ಹೆಚ್ಚಿನ ಕೆಲಸದ ಹಿಂದೆ ಬರಿಯ ಅಲಂಕಾರದ ಆಸೆ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಕಲ್ಲು ಭಾರವನ್ನು ಹೊರುತ್ತದೆ, ಆದರೆ ಬಾಗುವುದನ್ನು ಸಹಿಸುವುದಿಲ್ಲ. ಎರಡು ಕಂಬಗಳ ಮೇಲೆ ಉದ್ದನೆಯ ಹಾಸುಗಲ್ಲನ್ನಿಟ್ಟರೆ ಅದು ತನ್ನ ತೂಕಕ್ಕೇ ನಡುವೆ ಬಿರಿಯುತ್ತದೆ. ದೊಡ್ಡ ಅಂಕಣವನ್ನು ಒಂದೇ ಕಲ್ಲಿನಿಂದ ಮುಚ್ಚುವುದು ಹಾಗಾಗಿ ಕಷ್ಟ. ಶಿಲ್ಪಿಗಳು ಕಂಡುಕೊಂಡ ಉಪಾಯ ಸರಳವಾದದ್ದು. ಚೌಕದ ನಾಲ್ಕು ಮೂಲೆಗಳಿಗೆ ಅಡ್ಡಲಾಗಿ ನಾಲ್ಕು ಮುಕ್ಕೋನದ ಕಲ್ಲುಗಳನ್ನು ಇಡುವುದು. ಆಗ ನಡುವೆ ಉಳಿಯುವ ತೆರಪು ಓರೆಯಾಗಿ ತಿರುಗಿದ ಚಿಕ್ಕ ಚೌಕ. ಮೂಲೆಗಲ್ಲುಗಳು ಪ್ರತಿ ಬದಿಯ ನಟ್ಟನಡುವಿಗೆ ಮುಟ್ಟುವಂತಿದ್ದರೆ ತೆರಪಿನ ವಿಸ್ತೀರ್ಣ ಸರಿಯಾಗಿ ಅರ್ಧಕ್ಕಿಳಿಯುತ್ತದೆ. ಅದರ ಮೇಲೆ ಇನ್ನೊಂದು ಸಲ ಹಾಗೆಯೇ ಇಟ್ಟರೆ ಕಾಲುಭಾಗ. ಹೀಗೆ ಒಂದರ ಮೇಲೊಂದು ಒಳಚಾಚಿ ಬಂದ ಕಲ್ಲುಗಳು ಕೊನೆಗೆ ಒಂದೇ ಕಲ್ಲು ಮುಚ್ಚಬಹುದಾದಷ್ಟು ಸಣ್ಣ ಕಿಂಡಿಯನ್ನು ಉಳಿಸುತ್ತವೆ. ಆ ಕೊನೆಯ ಕಲ್ಲಿನ ಮೇಲೆ ಕಮಲ.

ಎಂದರೆ, ಕೆಳಗೆ ನಿಂತವರಿಗೆ ಬರಿಯ ಹೂವಾಗಿ ಕಾಣುವ ಜಾಗ ಇಡೀ ಅಂಕಣದ ಕಟ್ಟಡ ಮುಗಿಯುವ ಜಾಗವೂ ಹೌದು. ಮೂಲೆಗಲ್ಲುಗಳನ್ನು ದುಂಡಗೆ ತಿದ್ದಿ ಉಂಗುರಗಳಂತೆ ಮೇಲೇರಿಸಿದರೆ ಗುಮ್ಮಟದಂತೆ ಕಾಣುತ್ತದೆ. ಆದರೆ ಕಲಬುರಗಿಯ ಬಹಮನಿ ಕಟ್ಟಡಗಳ ಗುಮ್ಮಟಕ್ಕೂ ಇದಕ್ಕೂ ಕಟ್ಟುವ ಬಗೆಯಲ್ಲಿ ಬಹಳ ವ್ಯತ್ಯಾಸವಿದೆ. ಅಲ್ಲಿ ಗಾರೆ ಹಾಕಿ ಕಟ್ಟಿದ ಕಮಾನಿನ ಕಲ್ಲುಗಳು ಒಂದನ್ನೊಂದು ಒತ್ತಿ ನಿಲ್ಲುತ್ತವೆ. ಇಲ್ಲಿ ಪ್ರತಿ ಕಲ್ಲೂ ತನ್ನ ಕೆಳಗಿನ ಕಲ್ಲಿನ ಮೇಲೆ ಅಡ್ಡ ಮಲಗಿದೆ, ಅಷ್ಟೆ. ಅದನ್ನು ಹಿಂದಕ್ಕೆ ಒತ್ತಿಹಿಡಿದಿರುವುದು ಮೇಲಿನ ಭಾರ. ಮಾಳಿಗೆಯ ಮೇಲಿನ ಆ ಭಾರವನ್ನು ಯಾರಾದರೂ ತೆಗೆದರೆ, ಅಥವಾ ಒಂದು ಕಂಬ ಕುಸಿದರೆ, ಮೊದಲು ಕೈಬಿಡುವುದು ನಡುವಿನ ಕಲ್ಲುಗಳೇ. ಪಾಳುಗುಡಿಗಳಲ್ಲಿ ಗೋಡೆ, ಬಾಗಿಲವಾಡ ನಿಂತಿದ್ದು ನಡುಮಾಳಿಗೆ ಮಾತ್ರ ಬಯಲಾಗಿರುವುದನ್ನು ನಾವು ಎಷ್ಟೋ ಕಡೆ ನೋಡುತ್ತೇವಲ್ಲ, ಅದರ ಗುಟ್ಟು ಇದು.

ಭುವನೇಶ್ವರಿಯ ಬೆಳವಣಿಗೆಯನ್ನು ಕರ್ನಾಟಕದಲ್ಲಿ ಆರನೆಯ ಶತಮಾನದಿಂದಲೂ ಹಿಂಬಾಲಿಸಬಹುದು. ಬಾದಾಮಿಯ ಒಂದನೆಯ ಗುಹೆಯ ಮುಖಮಂಟಪದಲ್ಲಿ ಸುರುಳಿ ಸುತ್ತಿದ ನಾಗರಾಜನ ದುಂಡು ಕೆತ್ತನೆ ತಲೆಯ ಮೇಲಿದೆ. ಅದು ಬಂಡೆ ಕೊರೆದು ಮಾಡಿದ ಗುಹೆ. ಮುಚ್ಚಬೇಕಾದ ತೆರಪೇ ಅಲ್ಲಿರಲಿಲ್ಲ. ಆದರೂ ನಡುವಿಗೆ ಒಂದು ಅಲಂಕಾರ ಬೇಕೆಂದು ಶಿಲ್ಪಿಗೆ ಆಗಲೇ ತೋಚಿತ್ತು. ಎಂಟನೆಯ ಶತಮಾನದ ಪಟ್ಟದಕಲ್ಲಿನಲ್ಲಿ, ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಮುಖಮಂಟಪದ ಮೇಲೆ ರಥವೇರಿದ ಸೂರ್ಯನಿದ್ದಾನೆ. ಬಾಗಿಲಲ್ಲಿ ಸೂರ್ಯನನ್ನು ದಾಟಿ ಒಳಗಿನ ಕತ್ತಲೆಗೆ ಹೋಗುವ ಏರ್ಪಾಡು.

ಒಂಬತ್ತನೆಯ ಶತಮಾನದ್ದಾದ, ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಗುಡಿ ಹೊರಗಿನಿಂದ ನೋಡಿದರೆ ಬಹಳ ಸಾಧಾರಣವಾದದ್ದು. ಒಳಗೆ ಹೋಗಿ ಮೇಲೆ ನೋಡಿದವರು ಮಾತು ಮರೆಯುತ್ತಾರೆ. ಒಂಬತ್ತು ಮನೆಗಳ ಪಟ. ನಡುಮನೆಯಲ್ಲಿ ನರ್ತಿಸುವ ಶಿವ, ಸುತ್ತಲಿನ ಎಂಟು ಮನೆಗಳಲ್ಲಿ ತಮ್ಮ ತಮ್ಮ ವಾಹನಗಳ ಮೇಲೆ ಅಷ್ಟದಿಕ್ಪಾಲಕರು. ಕರ್ನಾಟಕದ ಒಳಛಾವಣಿಗಳಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಇದೇ. ಹೊಯ್ಸಳರ ಕೈಚಳಕ ಇಲ್ಲಿಲ್ಲ, ಕಿಕ್ಕಿರಿದ ಕುಸುರಿಯೂ ಇಲ್ಲ. ಆಕೃತಿಗಳಿಗೆ ಉಸಿರಾಡಲು ಎಡೆಯಿದೆ.

ದಿಕ್ಪಾಲಕರ ಈ ಪಟ ಮುಂದೆ ಶಿವಾಲಯ, ವಿಷ್ಣುಗುಡಿ, ಬಸದಿ ಎಂಬ ಭೇದವಿಲ್ಲದೆ ಎಲ್ಲೆಡೆ ಕಾಣಿಸಿಕೊಂಡಿತು. ಅದನ್ನು ಓದುವುದು ಕಷ್ಟವಲ್ಲ. ಆನೆಯ ಮೇಲೆ ಕುಳಿತವನು ಇಂದ್ರ, ಅದು ಪೂರ್ವ. ಟಗರಿನ ಮೇಲಿನ ಅಗ್ನಿ ಆಗ್ನೇಯ, ಕೋಣದ ಮೇಲಿನ ಯಮ ದಕ್ಷಿಣ, ಮನುಷ್ಯನನ್ನೇ ವಾಹನ ಮಾಡಿಕೊಂಡ ನಿರೃತಿ ನೈರುತ್ಯ, ಮೊಸಳೆಯಂಥ ಮಕರದ ಮೇಲಿನ ವರುಣ ಪಶ್ಚಿಮ, ಜಿಂಕೆಯ ಮೇಲಿನ ವಾಯು ವಾಯವ್ಯ, ಕುಬೇರ ಉತ್ತರ, ನಂದಿಯ ಮೇಲಿನ ಈಶಾನ ಈಶಾನ್ಯ. ಇವರನ್ನು ಕೂರಿಸಿರುವುದು ನಿಜವಾದ ದಿಕ್ಕುಗಳಿಗೆ ಸರಿಯಾಗಿ. ಕತ್ತಲೆಯ ನವರಂಗದಲ್ಲಿ ದಿಕ್ಕು ತಪ್ಪಿದವರು ಆನೆಯನ್ನು ಹುಡುಕಿದರೆ ಸಾಕು, ಪೂರ್ವ ಸಿಕ್ಕಿತು. ಗುಡಿಯನ್ನು ಬಿಚ್ಚಿ ಮತ್ತೆ ಕಟ್ಟಿದ ಕಡೆ ಕಲ್ಲುಗಳು ಅದಲುಬದಲಾಗಿದ್ದರೆ ಅದನ್ನೂ ಇದೇ ಪಟ ಹೇಳಿಬಿಡುತ್ತದೆ.

ಹನ್ನೊಂದು ಮತ್ತು ಹನ್ನೆರಡನೆಯ ಶತಮಾನಗಳು ಕಲ್ಯಾಣ ಚಾಲುಕ್ಯರ ಕಾಲ, ನಮ್ಮ ಸೀಮೆಯ ವೈಭವದ ಕಾಲವೂ ಅದೇ. ಅದಕ್ಕೂ ಮೊದಲು ಕಾಗಿಣಾ ದಂಡೆಯ ಮಳಖೇಡ ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಚಾಲುಕ್ಯರ ಕಾಲಕ್ಕೆ ನಾಗಾವಿಯಲ್ಲಿ ದೊಡ್ಡ ಘಟಿಕಾಸ್ಥಾನವಿತ್ತು. ದಂಡನಾಯಕ ಮಧುಸೂದನನ ದಾನಗಳನ್ನು ಹೇಳುವ ಕ್ರಿ.ಶ. 1058ರ ಶಾಸನ ಅಲ್ಲಿ ವೇದ, ಶಾಸ್ತ್ರಗಳ ವಿದ್ಯಾರ್ಥಿಗಳಿಗೂ ಉಪಾಧ್ಯಾಯರಿಗೂ ಏರ್ಪಾಡಿದ್ದುದನ್ನು ತಿಳಿಸುತ್ತದೆ. ಪುಸ್ತಕಗಳನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರು. ಶಹಾಬಾದಿನ ಹತ್ತಿರದ ಮರತೂರು ‘ಮಿತಾಕ್ಷರಾ’ ಬರೆದ ವಿಜ್ಞಾನೇಶ್ವರನ ಊರೆಂದು ಪ್ರಸಿದ್ಧ. ಇಂಥ ನೆಲದಲ್ಲಿ ಗುಡಿ ಕಟ್ಟುವವರಿಗೆ ಕೆಲಸದ ಕೊರತೆ ಇರಲಾರದು.

ಇದೇ ಕಾಲದ ಬೇರೆ ಊರುಗಳ ಗುಡಿಗಳನ್ನು ನೋಡಿದರೆ ನಡು ಅಂಕಣಕ್ಕೆ ಆಗ ಎಷ್ಟು ಮಹತ್ವ ಬಂದಿತ್ತು ಎಂಬುದು ಅರ್ಥವಾಗುತ್ತದೆ. ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕ್ರಿ.ಶ. 1112ರಲ್ಲಿ ಇಟಗಿಯಲ್ಲಿ ಕಟ್ಟಿಸಿದ ಗುಡಿಯನ್ನು ಅಲ್ಲಿನ ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಹಾವೇರಿ ಜಿಲ್ಲೆಯ ಹಾನಗಲ್ಲಿನ ತಾರಕೇಶ್ವರದಲ್ಲಿ ಭುವನೇಶ್ವರಿಯೇ ಗುಡಿಯ ಮುಖ್ಯ ಆಕರ್ಷಣೆ. ಎಂಟು ಮೂಲೆಯ ತೊಲೆಗಳ ಮೇಲೆ ಉಂಗುರ ಉಂಗುರವಾಗಿ ಏರಿ, ನಡುವಿನಿಂದ ದೊಡ್ಡ ಕಮಲವೊಂದು ಕೆಳಗೆ ಇಳಿದಿದೆ.

ಹೊಯ್ಸಳರು ಈ ಇಳಿಬಿದ್ದ ಕಮಲವನ್ನು ಬಾಳೆಯ ಮೊಗ್ಗಿನಂತೆ ಇನ್ನಷ್ಟು ಉದ್ದಕ್ಕೆ ಎಳೆದರು. ಬಾಳೆಗೊನೆಯ ತುದಿಯಲ್ಲಿ ಕೆಂಪಗೆ ತೂಗುವ ಮೊಗ್ಗನ್ನು ನೋಡಿದವರಿಗೆ ಅದರ ರೂಪ ತಕ್ಷಣ ಹೊಳೆಯುತ್ತದೆ. ಕೇಶವನ ಗುಡಿಗೆ ಹೆಸರಾದ ಸೋಮನಾಥಪುರದಲ್ಲಿ ಇಂಥ ಒಳಛಾವಣಿಗಳು ಸಾಲಾಗಿವೆ, ಒಂದರಂತೆ ಇನ್ನೊಂದಿಲ್ಲ. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1917ರಷ್ಟು ಹಿಂದೆಯೇ ಈ ಗುಡಿಯ ಮೇಲೆ ಒಂದು ಪ್ರತ್ಯೇಕ ಪುಸ್ತಕ ಬರೆದರು. ಬೇಲೂರಿನಲ್ಲಿ ನವರಂಗದ ನಡುವಿನ ನಾಲ್ಕು ಕಂಬಗಳ ಮೇಲೆ ನಾಲ್ವರು ಮದನಿಕೆಯರು ನಿಂತಿದ್ದಾರೆ. ಅವರ ನಡುವೆ ತೂಗುವ ಮೊಗ್ಗಿನ ತುದಿಯಲ್ಲಿ ಹಿರಣ್ಯಕಶಿಪುವನ್ನು ಸೀಳುವ ನರಸಿಂಹ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು 2023ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹೊಯ್ಸಳರ ಕೆಲಸಕ್ಕೆ ಮೆತ್ತನೆಯ ಬಳಪದ ಕಲ್ಲಿನ ಸಹಾಯವಿತ್ತು ಎಂಬುದನ್ನು ಮಾತ್ರ ಮರೆಯಬಾರದು. ಶಹಾಬಾದಿನ ಪರಸಿಯಲ್ಲಿ ಬಾಳೆಮೊಗ್ಗು ಕಡೆಯಲು ಹೊರಟರೆ ಅದು ಪದರ ಪದರವಾಗಿ ಕೈಗೆ ಬಂದೀತು.

ವಿಜಯನಗರದ ಹೊತ್ತಿಗೆ ಉಳಿಗಿಂತ ಕುಂಚಕ್ಕೆ ಹೆಚ್ಚು ಕೆಲಸ ಸಿಕ್ಕಿತು. ಹಂಪಿಯ ವಿರೂಪಾಕ್ಷನ ರಂಗಮಂಟಪದಲ್ಲೂ ಲೇಪಾಕ್ಷಿಯಲ್ಲೂ ಒಳಛಾವಣಿಯೆಂದರೆ ಬಣ್ಣದ ಚಿತ್ರಗಳ ಹಾಸು. ಹಂಪಿಯ ಅದೇ ಆವರಣದಲ್ಲಿ ಭುವನೇಶ್ವರಿ ದೇವಿಯ ಗುಡಿಯೂ ಇರುವುದರಿಂದ ಹೆಸರಿನ ಗೊಂದಲ ಅಲ್ಲಿ ಇನ್ನಷ್ಟು ಹೆಚ್ಚುತ್ತದೆ.

ಗುಡಿಯಲ್ಲಿ ನಡುವಿನ ಅಲಂಕಾರಕ್ಕೆ ಇನ್ನೊಂದು ಮಾತೂ ಇದೆ, ‘ಲಲಾಟಬಿಂಬ’. ಲಲಾಟವೆಂದರೆ ಹಣೆ. ಗರ್ಭಗುಡಿಯ ಬಾಗಿಲವಾಡದ ಮೇಲಡ್ಡದ ನಟ್ಟನಡುವೆ ಇರುವ ಚಿಕ್ಕ ಮೂರ್ತಿಗೆ ಈ ಹೆಸರು. ಗಜಲಕ್ಷ್ಮಿ, ಗರುಡ, ಜಿನ ಇವರಲ್ಲಿ ಒಬ್ಬರು ಅಲ್ಲಿರುವುದು ರೂಢಿ. ಒಳಗೆ ಲಿಂಗ, ಹಣೆಯ ಮೇಲೆ ಜಿನಬಿಂಬ ಇದ್ದರೆ ಅದು ಹಿಂದೆ ಬಸದಿಯಾಗಿತ್ತೆಂದು ಇತಿಹಾಸಕಾರರು ಊಹಿಸುತ್ತಾರೆ. ಎಲ್ಲ ಕಡೆಯೂ ಈ ಊಹೆ ಸಲ್ಲದು. ಐಹೊಳೆಯ ಶಿಲ್ಪಿಗಳು ಹಾವುಗಳನ್ನು ಹಿಡಿದ ಗರುಡನನ್ನು ಶಿವಾಲಯಗಳಲ್ಲೂ ಕೂರಿಸಿದ್ದಾರೆ. ಏನೇ ಇರಲಿ, ಲಲಾಟಬಿಂಬ ಕಣ್ಣಿನ ಎದುರಿಗಿದೆ, ಕೈಮುಗಿಯುವಾಗ ಕಾಣುತ್ತದೆ. ಭುವನೇಶ್ವರಿಗೆ ಆ ಅನುಕೂಲವಿಲ್ಲ. ದೇವರಿಗೆ ತಲೆ ಬಾಗಿಸುವ ಜಾಗದಲ್ಲಿ ತಲೆ ಎತ್ತುವವರು ಕಡಿಮೆ.

ಹಳೆಯ ಮೈಸೂರಿನ ಕಡೆ ಭುವನೇಶ್ವರಿ ಎಂಬ ಮಾತು ಪುಸ್ತಕಗಳ ಮೂಲಕ ಪ್ರವಾಸಿ ಮಾರ್ಗದರ್ಶಕರ ಬಾಯಿಗೂ ಬಂದಿದೆ. ನಮ್ಮ ಕಡೆ ಹಾಗಾಗಲಿಲ್ಲ. 1948ರವರೆಗೆ ಈ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹೈದರಾಬಾದ್ ಸಂಸ್ಥಾನ 1914ರಲ್ಲಿ ಗುಲಾಂ ಯಜ್ದಾನಿ ಅವರ ಮುಂದಾಳತ್ವದಲ್ಲಿ ಪುರಾತತ್ವ ಇಲಾಖೆಯನ್ನು ತೆರೆದು ಒಳ್ಳೆಯ ಕೆಲಸವನ್ನೇ ಮಾಡಿತು. ನಾಗಾವಿಯ ಶಾಸನಗಳು ಪ್ರಕಟವಾದದ್ದೂ ಆ ಇಲಾಖೆಯ ಮಾಲೆಯಲ್ಲಿ. ಆದರೆ ಅದರ ಪ್ರಕಟಣೆಗಳು ಇಂಗ್ಲಿಷಿನಲ್ಲಿದ್ದವು, ಶಾಲೆ ಕಚೇರಿಗಳ ಭಾಷೆ ಉರ್ದುವಾಗಿತ್ತು. ನವರಂಗ, ಅಂಕಣ, ಭುವನೇಶ್ವರಿ ಮುಂತಾದ ಮಾತುಗಳು ಊರಿನ ಗುಡಿಯ ಬಗ್ಗೆ ಊರವರೇ ಆಡುವ ಮಾತುಗಳಾಗಲು ಅವಕಾಶ ಸಿಗಲಿಲ್ಲ ಎಂದೇ ನನ್ನ ಅನಿಸಿಕೆ.

ಹೆಸರಿಲ್ಲದ್ದಕ್ಕೆ ಕಾವಲೂ ಇಲ್ಲ. ಪೂಜೆ ನಡೆಯುವ ಹಳೆಯ ಗುಡಿಗಳಲ್ಲಿ ಜೀರ್ಣೋದ್ಧಾರ ಎಂದರೆ ನೆಲಕ್ಕೆ ಟೈಲ್ಸ್, ಕಂಬಗಳಿಗೆ ಆಯಿಲ್ ಪೇಂಟ್, ಮೇಲಕ್ಕೆ ಸುಣ್ಣ. ದಿಕ್ಪಾಲಕರ ವಾಹನಗಳು ಸುಣ್ಣದ ಪದರದಡಿ ಉಬ್ಬುಗಳಾಗಿ ಉಳಿಯುತ್ತವೆ. ದೀಪದ ಮಸಿ ಇನ್ನೊಂದು ಪದರ. ನಡು ಅಂಕಣವೇ ಗಾಳಿಗೆ ಅನುಕೂಲವೆಂದು ಕಮಲದ ಪಕ್ಕಕ್ಕೆ ಕೊಕ್ಕೆ ಬಡಿದು ಫ್ಯಾನ್ ತೂಗಿಬಿಡುವುದೂ ಉಂಟು. ಕಂಬಕ್ಕೆ ಮೊಳೆ ಹೊಡೆಯಲು ಬಂದವನನ್ನು ಬೈದು ಕಳಿಸುವ ಹಿರಿಯರು ಮೇಲಿನ ಕೊಕ್ಕೆಗೆ ಏನೂ ಅನ್ನುವುದಿಲ್ಲ. ಮಳೆಗಾಲದಲ್ಲಿ ಮಾಳಿಗೆಯ ಮೇಲೆ ಬೆಳೆದ ಗಿಡಗಳ ಬೇರು ಸಂದಿಗಳಿಗೆ ಇಳಿದು ಒಳಚಾಚಿದ ಕಲ್ಲುಗಳನ್ನು ಮೆಲ್ಲಗೆ ಸಡಿಲಿಸುತ್ತದೆ. ಸೋರುತ್ತದೆ ಎಂದು ಅದರ ಮೇಲೆ ಕಾಂಕ್ರೀಟ್ ಸುರಿದರೆ ಭಾರ ಹೆಚ್ಚಿ ಕೆಳಗಿನ ತೊಲೆ ಬಿರಿಯುವ ಅಪಾಯವಿದೆ.

ಜೋಪಾನವಾಗಿ ತೆಗೆದಿಟ್ಟರೂ ಕೆಲವು ನಷ್ಟ ತಪ್ಪುವುದಿಲ್ಲ. ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಒಳಛಾವಣಿಯಲ್ಲಿದ್ದ ಬ್ರಹ್ಮನ ಫಲಕ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿದೆ. ಹಂಸದ ಮೇಲೆ ಕುಳಿತ ಬ್ರಹ್ಮ, ಸುತ್ತ ಋಷಿಗಳು. ಆಕಾಶದಲ್ಲಿ ಮಲಗಿದ್ದ ಕಲ್ಲು ಅಲ್ಲಿ ನೆಟ್ಟಗೆ ನಿಂತಿದೆ. ಅದನ್ನು ನೋಡಲು ಕತ್ತು ನೋಯಿಸಿಕೊಳ್ಳಬೇಕಾಗಿಲ್ಲ. ಆದರೆ ಅದರ ಕೆಳಗೆ ನಿಲ್ಲುವುದು ಇನ್ನು ಯಾರಿಗೂ ಸಾಧ್ಯವಿಲ್ಲ.

ಭುವನೇಶ್ವರಿಯನ್ನು ನೋಡುವುದಕ್ಕೂ ಒಂದು ಕ್ರಮವಿದೆ. ಒಳಹೊಕ್ಕ ಕೂಡಲೇ ಏನೂ ಕಾಣದು; ಕಣ್ಣು ಕತ್ತಲೆಗೆ ಒಗ್ಗುವವರೆಗೆ ಕಾಯಬೇಕು. ಪೂರ್ವಕ್ಕೆ ಬಾಗಿಲಿರುವ ಗುಡಿಯಾದರೆ ಬೆಳಗಿನ ಹೊತ್ತು ಒಳ್ಳೆಯದು, ನೆಲದ ಮೇಲೆ ಬಿದ್ದ ಬಿಸಿಲು ಮೇಲಕ್ಕೆ ಚಿಮ್ಮುತ್ತದೆ. ಬಾಗಿಲ ಬಿಸಿಲಿಗೆ ಒಂದು ಕನ್ನಡಿ ಹಿಡಿದರೆ ಟಾರ್ಚಿಗಿಂತ ಚೆನ್ನಾಗಿ ಕಾಣುತ್ತದೆ. ಪೂಜಾರಿಯವರ ಅಪ್ಪಣೆ ಸಿಕ್ಕರೆ ನಡು ಅಂಕಣದಲ್ಲಿ ಅಂಗಾತ ಮಲಗಿಬಿಡುವುದು ಎಲ್ಲಕ್ಕಿಂತ ಉತ್ತಮ. ಮೊದಲು ಆನೆಯನ್ನು ಹುಡುಕಿ. ಸುಣ್ಣದ ಅಡಿಯಲ್ಲಿದ್ದರೂ ಅದರ ಸೊಂಡಿಲು ಹೆಚ್ಚಾಗಿ ಗುರುತು ಸಿಗುತ್ತದೆ.